ಚಾಮಯ್ಯ ಮೇಷ್ಟ್ರ ಮಾತು: ‘ನಾಗರಹಾವು’ ಚಿತ್ರದ ಗುಣದೋಷ ವಿವೇಚನೆ

ಕನ್ನಡದಲ್ಲಿ ಇಂದಿಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದವನ್ನೇ ಕಾವ್ಯದ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿದೆ. ಒಂಬತ್ತನೆಯ ಶತಮಾನದ ಆ ಲಾಕ್ಷಣಿಕನು ದೋಷವನ್ನು ಎತ್ತಿ ಹೇಳಿದ್ದು ಕವಿಯ ಮೇಲಣ ಹಗೆಯಿಂದಲ್ಲ; ಕಾವ್ಯದ ಮೇಲಣ ಮಮತೆಯಿಂದ. ನಾಟಕವನ್ನು ದೃಶ್ಯಕಾವ್ಯವೆಂದು ಕರೆದ ಪರಂಪರೆಗೆ ಚಲನಚಿತ್ರವನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಅಸಂಗತವೆನಿಸಲಾರದು. ಆದರೂ ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಚಲನಚಿತ್ರದ ಮಾತು ಬರುವುದು ವಿರಳ. ಬಂದರೆ ಅದು ಯುವಜನರನ್ನು ಕೆಡಿಸುತ್ತದೆಂಬ ಒಂದು ವಾಕ್ಯದಲ್ಲಿ ಮುಗಿದುಹೋಗುವುದೇ ರೂಢಿ. ಆ ವಾಕ್ಯವನ್ನು ಹೇಳುವವರೂ ಒಂದು ಚಿತ್ರವನ್ನು ಮಾತ್ರ ಅಪವಾದವೆಂದು ಬದಿಗಿರಿಸುತ್ತಾರೆ. ಗುರುಶಿಷ್ಯ ಬಾಂಧವ್ಯಕ್ಕೆ ದೃಷ್ಟಾಂತ ಬೇಕಾದಾಗ ಶಿಕ್ಷಕರ ದಿನಾಚರಣೆಯ ವೇದಿಕೆಗಳಿಂದ ಮತ್ತೆ ಮತ್ತೆ ಕೇಳಿಬರುವ ಆ ಚಿತ್ರವೇ ‘ನಾಗರಹಾವು’.

ಎಸ್. ಆರ್. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿ, ಎನ್. ವೀರಾಸ್ವಾಮಿಯವರು ನಿರ್ಮಿಸಿದ ಈ ಚಿತ್ರ ೧೯೭೨ರ ಡಿಸೆಂಬರ್ ತಿಂಗಳ ಕಡೆಯ ವಾರದಲ್ಲಿ ತೆರೆಗೆ ಬಂದಿತು. ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಕಥಾಶರೀರವಾಗಿ ಹೆಣೆದ ಕೃತಿ ಇದು. ೧೯೭೪ರಲ್ಲಿ ತೆಲುಗು, ತಮಿಳು, ಹಿಂದಿ ಮೂರು ಭಾಷೆಗಳಿಗೂ ಹೋಯಿತು. ಹಿಂದಿಯ ‘ಜಹ್ರೀಲಾ ಇನ್ಸಾನ್’ ಚಿತ್ರವನ್ನು ಪುಟ್ಟಣ್ಣನವರೇ ನಿರ್ದೇಶಿಸಿದರೂ ಕನ್ನಡದಲ್ಲಿ ಕಂಡ ಯಶಸ್ಸು ಅಲ್ಲಿ ಕೈಗೂಡಲಿಲ್ಲ. ಮೂಲಚಿತ್ರ ೨೦೧೮ರಲ್ಲಿ ಹೊಸ ತಾಂತ್ರಿಕ ಸಂಸ್ಕಾರ ಪಡೆದು ಮತ್ತೆ ತೆರೆಕಂಡಿತು. ಐವತ್ತು ವರ್ಷ ಕಳೆದ ಮೇಲೂ ಉಸಿರಾಡುತ್ತಿರುವ ಕೃತಿಯನ್ನು ಜನಪ್ರಿಯವೆಂಬ ಒಂದೇ ಕಾರಣದಿಂದ ಕಡೆಗಣಿಸುವುದು ಪಾಂಡಿತ್ಯದ ಲಕ್ಷಣವಲ್ಲ. ಜನಪ್ರಿಯವೆಂಬ ಕಾರಣದಿಂದಲೇ ಅದನ್ನು ಕಣ್ಣು ಮುಚ್ಚಿ ಹೊಗಳುವುದೂ ಅಲ್ಲ. ಆ ಚಿತ್ರದ ಅತ್ಯುತ್ಕೃಷ್ಟ ಗುಣ ಯಾವ ಪಾತ್ರದಲ್ಲಿದೆಯೋ ಅತಿ ದೊಡ್ಡ ದೋಷವೂ ಅದೇ ಪಾತ್ರದಲ್ಲಿದೆ. ಅದು ಅಧ್ಯಾಪಕನ ಪಾತ್ರವಾದುದರಿಂದ, ಈ ವಿವೇಚನೆ ಶಾಲೆಯೊಂದರ ಸಂಚಿಕೆಯಲ್ಲಿ ನಡೆಯುವುದೇ ಯುಕ್ತ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಪ್ರೇಕ್ಷಕನಿಗೆ ಚಿತ್ರದ ಭೂಮಿಕೆ ಪರಕೀಯವಲ್ಲ. ಶಿರಾದಿಂದ ಹಿರಿಯೂರಿನ ಹಾದಿ ಹಿಡಿದರೆ ಚಿತ್ರದುರ್ಗ ಅನತಿ ದೂರದಲ್ಲಿದೆ. ದುರ್ಗದ ಹೆಬ್ಬಂಡೆಗಳ ಬಂಧುವರ್ಗವೇ ಇತ್ತ ಮಧುಗಿರಿಯ ಏಕಶಿಲಾ ಬೆಟ್ಟವಾಗಿ, ಚನ್ನರಾಯನದುರ್ಗವಾಗಿ, ಪಾವಗಡದ ಕೋಟೆಬೆಟ್ಟವಾಗಿ ಹರಡಿ ನಿಂತಿದೆ. ಬಿಸಿಲು, ಬಂಡೆ, ಜಾಲಿ, ನೀರಿಗಾಗಿ ಕಾಯುವ ಹೊಲ ಇವೇ ಎರಡೂ ಕಡೆಯ ದೃಶ್ಯ. ಇತಿಹಾಸವೂ ಒಂದರೊಡನೊಂದು ಹೊಸೆದುಕೊಂಡಿದೆ: ೧೭೬೧ರಲ್ಲಿ ಶಿರಾ ಹೈದರಾಲಿಯ ವಶವಾಯಿತು, ೧೭೭೯ರಲ್ಲಿ ಚಿತ್ರದುರ್ಗ. ಇನ್ನು ಹಾವಿನ ಮಾತಂತೂ ಪಾವಗಡದವರಿಗೆ ಹೊಸತೇ ಅಲ್ಲ. ಹಳಗನ್ನಡದ ‘ಪಾವು’ ಪಕಾರ ಹಕಾರವಾಗಿ ‘ಹಾವು’ ಆದುದನ್ನು ವ್ಯಾಕರಣದ ಮೊದಲ ಪಾಠದಲ್ಲಿಯೇ ಹೇಳಿಕೊಡುತ್ತಾರೆ. ಆ ಪ್ರಾಚೀನ ರೂಪ ಊರಿನ ಹೆಸರಿನಲ್ಲಿ ಇಂದಿಗೂ ಉಳಿದಿದೆಯೆಂದು, ಪಾವಗಡವೆಂದರೆ ಹಾವಿನ ಕೋಟೆಯೆಂದು ಬಿಡಿಸುವ ಪ್ರತೀತಿಯಿದೆ. ಅದೇ ತಾಲ್ಲೂಕಿನ ನಾಗಲಮಡಿಕೆಯಲ್ಲಿ ನಾಗರೂಪದ ಸುಬ್ರಹ್ಮಣ್ಯನಿಗೆ ಜನ ಹರಕೆ ಹೊತ್ತು ನಡೆದುಕೊಳ್ಳುತ್ತಾರೆ. ಆಂಧ್ರದ ನೆಲದಿಂದ ಬಹುಪಾಲು ಸುತ್ತುವರಿದ ಆ ತಾಲ್ಲೂಕಿನಲ್ಲಿ ತೆಲುಗಿನ ‘ಕೋಡೆನಾಗು’ ಚಿತ್ರದ ಹೆಸರನ್ನು ಬಲ್ಲವರೂ ಇದ್ದಾರು. ಅದರಲ್ಲಿ ಮೇಷ್ಟ್ರ ಪಾತ್ರವನ್ನು ವಹಿಸಿದವರು ಕವಿ ಆಚಾರ್ಯ ಆತ್ರೇಯ ಎಂಬುದು ನೆನಪಿಡತಕ್ಕ ವಿಷಯ.

ಕಥೆ ಬಹುಜನರಿಗೆ ತಿಳಿದದ್ದೇ. ಚಿತ್ರದುರ್ಗದ ತರುಣ ರಾಮಾಚಾರಿ ಮುಂಗೋಪಿ, ಹಟಮಾರಿ; ಆದರೆ ಒಳಗೆ ಕಪಟವಿಲ್ಲದವನು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಅವಮಾನಿತನಾಗಿ, ಕಾಲೇಜಿನ ಪ್ರಾಂಶುಪಾಲರ ಮೇಲೆ ಹಾವಿನಂತೆ ಹಗೆ ತೀರಿಸಿಕೊಳ್ಳುತ್ತಾನೆ. ಊರೆಲ್ಲ ಅವನನ್ನು ಪುಂಡನೆಂದಾಗ ಅವನಲ್ಲಿ ಒಳ್ಳೆಯತನವನ್ನು ಕಂಡವರು ಬಾಲ್ಯದ ಗುರುಗಳಾದ ಚಾಮಯ್ಯ ಮೇಷ್ಟ್ರು ಮತ್ತು ಅವರ ಪತ್ನಿ ತುಂಗಮ್ಮ. ಗೆಳೆಯ ವರದನ ತಂಗಿ ಅಲಮೇಲುವಿನಲ್ಲಿ ರಾಮಾಚಾರಿ ಅನುರಕ್ತನಾಗುತ್ತಾನೆ, ಅವಳೂ ಒಲಿಯುತ್ತಾಳೆ. ಜಾತಿಯ ಕಟ್ಟಳೆಯನ್ನು ಮುಂದಿಟ್ಟು ಆ ಪ್ರೇಮವನ್ನು ತ್ಯಜಿಸುವಂತೆ ಮೇಷ್ಟ್ರು ಅವನನ್ನು ಒಪ್ಪಿಸುತ್ತಾರೆ. ಅಲಮೇಲುವಿಗೆ ಬೇರೊಬ್ಬನೊಡನೆ ಮದುವೆಯಾಗುತ್ತದೆ. ಆ ಮದುವೆ ಅವಳನ್ನು ಕಡೆಗೆ ವೇಶ್ಯಾವೃತ್ತಿಗೆ ತಳ್ಳುತ್ತದೆ. ಮುಂದೆ ರಾಮಾಚಾರಿ ಕ್ರೈಸ್ತ ತರುಣಿ ಮಾರ್ಗರೆಟಳನ್ನು ಪ್ರೀತಿಸಿದಾಗ ಮೇಷ್ಟ್ರು ಮತ್ತೆ ಅಡ್ಡಬರುತ್ತಾರೆ. ಬೆಟ್ಟದ ತುದಿಯಲ್ಲಿ ನಡೆಯುವ ಮಾತಿನ ಸಂಘರ್ಷದ ನಡುವೆ ಗುರು ಕಣಿವೆಗುರುಳಿ ಸಾಯುತ್ತಾರೆ. ಪ್ರೇಮಿಗಳಿಬ್ಬರೂ ಅಲ್ಲಿಂದಲೇ ಧುಮುಕುತ್ತಾರೆ.

ಗುಣಗಳನ್ನು ಮೊದಲು ಹೇಳಬೇಕು. ಕನ್ನಡ ಚಿತ್ರರಂಗದಲ್ಲಿ ಅಧ್ಯಾಪಕನ ಪಾತ್ರ ಅದಕ್ಕೆ ಮುನ್ನವೂ ಬಂದಿದೆ, ಆಮೇಲೂ ಬಂದಿದೆ. ಬಹುಮಟ್ಟಿಗೆ ಆತ ನಗೆಪಾಟಲಿಗೆ ಗುರಿಯಾಗುವವನು, ಇಲ್ಲವೇ ನಾಲ್ಕು ನೀತಿವಾಕ್ಯಗಳನ್ನು ನುಡಿದು ಮರೆಯಾಗುವವನು. ಚಾಮಯ್ಯ ಮೇಷ್ಟ್ರು ಹಾಗಲ್ಲ. ಅವರು ಶಿಷ್ಯನನ್ನು ಅಂಕಪಟ್ಟಿಯಿಂದ ಅಳೆಯುವುದಿಲ್ಲ, ಅವನ ಕೋಪಕ್ಕೆ ಹೆದರುವುದೂ ಇಲ್ಲ. ಲೋಕವೆಲ್ಲ ಹಾವೆಂದು ದೂರ ಸರಿದಾಗ ಹತ್ತಿರ ಕುಳಿತು ಮೈದಡವುವ ಧೈರ್ಯ ಅವರಿಗೊಬ್ಬರಿಗೆ ಇದೆ. ಮಕ್ಕಳಿಲ್ಲದ ಆ ದಂಪತಿಗಳ ಮನೆಯಲ್ಲಿ ರಾಮಾಚಾರಿಗೆ ದೊರೆಯುವುದು ಉಪದೇಶಕ್ಕಿಂತ ಮೊದಲು ಆದರ, ಆಮೇಲೆ ಅನ್ನ. ಕೆ. ಎಸ್. ಅಶ್ವಥ್ ಅವರು ಈ ಪಾತ್ರವನ್ನು ಅಭಿನಯಿಸಿದರೆನ್ನುವುದಕ್ಕಿಂತ ಅದರಲ್ಲಿ ವಾಸವಾಗಿದ್ದರು ಎನ್ನಬೇಕು. ಅವರ ಕಂಠ ಎಲ್ಲಿಯೂ ಅಬ್ಬರಿಸುವುದಿಲ್ಲ. ಶಿಷ್ಯನನ್ನು ಗದರುವಾಗಲೂ ಆ ಗದರಿಕೆಯ ತಳದಲ್ಲಿ ಅಂಜಿಕೆಯೊಂದು ಮಿಡಿಯುತ್ತದೆ: ತನ್ನ ಮಾತನ್ನು ಇವನು ಮೀರಿದರೆ ತಾನು ಇವನನ್ನು ಕಳೆದುಕೊಂಡೇನೆಂಬ ಅಂಜಿಕೆ. ೨೦೧೦ರ ಜನವರಿಯಲ್ಲಿ ಅವರು ತೀರಿಕೊಂಡಾಗ, ನೂರಾರು ಚಿತ್ರಗಳ ಆ ನಟನನ್ನು ನಾಡು ನೆನೆದದ್ದು ಚಾಮಯ್ಯ ಮೇಷ್ಟ್ರೆಂಬ ಹೆಸರಿನಿಂದಲೇ. ತುಂಗಮ್ಮನಾಗಿ ಲೀಲಾವತಿಯವರು ಕಡಿಮೆ ಮಾತಿನಲ್ಲಿ ಮಾಡಿರುವ ಕೆಲಸವೂ ಲಘುವಾದುದಲ್ಲ. ಮೇಷ್ಟ್ರ ಮನೆ ಮನೆಯಂತೆ ಕಾಣುವುದು ಆಕೆಯಿಂದ.

ನಾಯಕನ ವಿಷಯದಲ್ಲಿ ಪುಟ್ಟಣ್ಣನವರು ತೋರಿದ ಸಾಹಸ ಸಾಮಾನ್ಯವಲ್ಲ. ‘ವಂಶವೃಕ್ಷ’ದ ಒಂದು ಚಿಕ್ಕ ಪಾತ್ರದಲ್ಲಿ ಕಾಣಿಸಿಕೊಂಡಿದ್ದ ತರುಣನೊಬ್ಬನಿಗೆ ವಿಷ್ಣುವರ್ಧನನೆಂದು ಹೊಸ ಹೆಸರಿಟ್ಟು, ಇಡೀ ಚಿತ್ರದ ಭಾರವನ್ನು ಅವನ ಹೆಗಲಿಗೆ ಹೊರಿಸಿದರು. ಆ ವರ್ಷದ ಅತ್ಯುತ್ತಮ ನಟನೆಂಬ ರಾಜ್ಯ ಪ್ರಶಸ್ತಿಯೂ ಆತನಿಗೇ ಸಂದಿತು. ಲಾಕ್ಷಣಿಕರು ನಾಯಕರನ್ನು ವಿಂಗಡಿಸುವಾಗ ಧೀರೋದ್ಧತನನ್ನು ಶೃಂಗಾರಕ್ಕೆ ಯೋಗ್ಯನೆಂದು ಎಣಿಸುವುದು ಅಪರೂಪ; ಅವನ ಸ್ಥಾಯಿ ಕ್ರೋಧ. ರಾಮಾಚಾರಿಯಲ್ಲಾದರೋ ರೌದ್ರವೇ ಶೃಂಗಾರಕ್ಕೆ ಹಾಸುಗಲ್ಲಾಗಿದೆ. ಕೋಪದಿಂದ ಬಿಗಿದ ಮುಖ ಪ್ರೀತಿಯ ಒಂದು ಮಾತಿಗೆ ಮಗುವಿನ ಮುಖವಾಗುವ ಪರಿವರ್ತನೆಯನ್ನು ಆ ಹೊಸ ನಟ ನಿರಾಯಾಸವಾಗಿ ಸಾಧಿಸಿದ್ದಾನೆ. ಅಲಮೇಲುವಾಗಿ ಆರತಿಯವರದು ಇನ್ನೂ ಸೂಕ್ಷ್ಮವಾದ ಅಭಿನಯ. ನಿಧಾನ ಚಲನೆಯಲ್ಲಿ ಚಿತ್ರಿತವಾದ ಪ್ರಣಯಗೀತೆ, ವಿಜಯಭಾಸ್ಕರರ ಸಂಗೀತ, ಕೋಟೆಯ ಬಂಡೆಗಳನ್ನೇ ಪಾತ್ರವರ್ಗಕ್ಕೆ ಸೇರಿಸಿಕೊಂಡ ಛಾಯಾಗ್ರಹಣ ಇವುಗಳ ಪ್ರಶಂಸೆ ಬೇಕಾದಷ್ಟು ನಡೆದಿದೆ; ಮತ್ತೆ ವಿಸ್ತರಿಸುವ ಅಗತ್ಯವಿಲ್ಲ.

ಚಿತ್ರವನ್ನು ಮೊದಲು ಆಕ್ಷೇಪಿಸಿದವರಲ್ಲಿ ಮೂಲಕೃತಿಕಾರರೇ ಇದ್ದರೆಂಬುದು ಪ್ರಸಿದ್ಧವಾದ ಸಂಗತಿ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಇಂದಿಗೂ ಓದುಗರ ನಾಲಗೆಯ ಮೇಲಿದೆ. ಕಾದಂಬರಿಕಾರನ ಈ ನೋವನ್ನು ಕೇವಲ ಸ್ವಾಭಿಮಾನದ ಮುನಿಸೆಂದು ತಳ್ಳಿಹಾಕುವಂತಿಲ್ಲ. ಮೂರು ಕಾದಂಬರಿಗಳಲ್ಲಿ ಬಿಚ್ಚಿಕೊಳ್ಳುವ ಮನೋವ್ಯಾಪಾರವನ್ನು ಮೂರು ತಾಸಿನ ಚೌಕಟ್ಟಿಗೆ ತುರುಕಿದಾಗ ಪೂರ್ವಾರ್ಧ ಹಸಿರಾಗಿ, ಉತ್ತರಾರ್ಧ ಒಣಗಿದಂತಾಗಿರುವುದು ನಿಜ. ಅಲಮೇಲುವಿನ ಪ್ರಸಂಗಕ್ಕೆ ದೊರೆತ ಸಾವಧಾನ ಮಾರ್ಗರೆಟಳಿಗೆ ದೊರೆತಿಲ್ಲ. ಅವಳ ಅನುರಾಗದ ಬೀಜ ಯಾವುದು, ಮೊಳಕೆ ಯಾವಾಗ ಒಡೆಯಿತು ಎಂಬುದು ತಿಳಿಯುವ ಮೊದಲೇ ಮರಣದ ಬಂಡೆ ಎದುರಾಗುತ್ತದೆ. ಶುಭಾ ಅವರು ಶಕ್ತಿಮೀರಿ ನಟಿಸಿದ್ದರೂ ಕ್ರೈಸ್ತ ಹೆಣ್ಣೆಂದರೆ ಸಲುಗೆಯ ಮಾತು, ಗಿಡ್ಡ ಉಡುಪು ಎಂಬ ಆ ಕಾಲದ ಸಿನಿಮಾ ರೂಢಿಯನ್ನು ಚಿತ್ರ ದಾಟಲಿಲ್ಲ. ಅಲಮೇಲುವನ್ನು ಬೀದಿಯಲ್ಲಿ ಕಾಡುವ ಪೋಕರಿಗೆ ಜಲೀಲನೆಂದೇ ಹೆಸರು. ಜಾತಿಯ ಗೋಡೆಯನ್ನು ಪ್ರಶ್ನಿಸುವ ಕೃತಿಯೊಂದು ತನ್ನ ಅರಿವಿಲ್ಲದೆಯೇ ಮತ್ತೆರಡು ಸಮುದಾಯಗಳಿಗೆ ಸಿದ್ಧ ಅಚ್ಚುಗಳನ್ನು ಬಳಸಿಕೊಂಡಿರುವುದು ಔಚಿತ್ಯಲೋಪವೇ ಸರಿ. ಆ ಪಾತ್ರದಲ್ಲಿ ಮೊದಲ ಸಲ ತೆರೆಯ ಮೇಲೆ ಬಂದ ಅಂಬರೀಷ್ ಮುಂದೆ ಬಹುದೊಡ್ಡ ನಟರಾದರು. ಆದರೆ ನಟನ ಏಳಿಗೆ ಪಾತ್ರದ ದೋಷವನ್ನು ತೊಳೆಯಲಾರದು.

ಭಾಷೆಯ ವಿಷಯದಲ್ಲೂ ಒಂದು ಮಾತು. ದುರ್ಗದ ಸೀಮೆಯ ಕಥೆಯಲ್ಲಿ ದುರ್ಗದ ನುಡಿ ಕೇಳಿಸುವುದು ಅಲ್ಪ. ಶಿರಾ, ಹಿರಿಯೂರು, ಚಳ್ಳಕೆರೆಗಳ ಸಂತೆಯಲ್ಲಿ ಕಿವಿಗೆ ಬೀಳುವ ಕನ್ನಡದ ಒರಟುತನಕ್ಕೆ ತನ್ನದೇ ಆದ ಸೊಗಸಿದೆ. ಚಿತ್ರದ ಸಂಭಾಷಣೆ ಅದನ್ನು ಬಹುತೇಕ ಸೋಸಿ, ಎಲ್ಲೆಡೆ ಸಲ್ಲುವ ಮೈಸೂರಿನ ಮಾತನ್ನಾಗಿಸಿದೆ. ಬಂಡೆ ದುರ್ಗದ್ದು, ಬಾಯಿ ಮತ್ತೊಂದು ಊರಿನದು ಎಂಬಂತಾಗಿದೆ. ಇದು ಸಣ್ಣ ದೋಷ. ಪುಟ್ಟಣ್ಣನವರೊಬ್ಬರದೇ ಎನ್ನುವಂತೆಯೂ ಇಲ್ಲ.

ದೊಡ್ಡ ದೋಷ ಚಾಮಯ್ಯ ಮೇಷ್ಟ್ರಲ್ಲಿಯೇ ಇದೆ. ಮಹಾಭಾರತದಲ್ಲಿ ದ್ರೋಣನು ಏಕಲವ್ಯನಿಂದ ಬೇಡಿದ್ದು ಹೆಬ್ಬೆರಳನ್ನು. ಚಾಮಯ್ಯನವರು ರಾಮಾಚಾರಿಯಿಂದ ಬೇಡಿದ್ದು ಅವನು ಪ್ರೀತಿಸಿದ ಹೆಣ್ಣನ್ನು ಬಿಟ್ಟುಕೊಡುವ ಮಾತನ್ನು. ದ್ರೋಣನು ಏಕಲವ್ಯನಿಗೆ ಏನನ್ನೂ ಕಲಿಸಿರಲಿಲ್ಲವಾದುದರಿಂದ ಆ ಬೇಡಿಕೆಯ ಕ್ರೌರ್ಯ ಎಂಥವನಿಗೂ ಎದ್ದು ಕಾಣುತ್ತದೆ. ಚಾಮಯ್ಯನವರು ಎಲ್ಲವನ್ನೂ ಕೊಟ್ಟವರಾದುದರಿಂದ ಕ್ರೌರ್ಯ ಕಾಣುವುದಿಲ್ಲ. ವಾತ್ಸಲ್ಯದ ಮುಸುಕು ಅದರ ಮೇಲಿದೆ. ಪಂಪನ ಕರ್ಣನು ದುರ್ಯೋಧನನ ಅನ್ನದ ಋಣಕ್ಕೆ ತನ್ನ ಬಾಳನ್ನು ತೆತ್ತಂತೆ ರಾಮಾಚಾರಿಯೂ ಗುರುಪ್ರೇಮದ ಋಣಕ್ಕೆ ತನ್ನ ಒಲವನ್ನು ತೆರುತ್ತಾನೆ. ಒಂದು ಭೇದ ಮಾತ್ರ ಉಂಟು: ಕರ್ಣ ತೆತ್ತದ್ದು ತನ್ನದನ್ನು. ರಾಮಾಚಾರಿ ತೆತ್ತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲಮೇಲುವಿನದು.

ಈ ಅಂಶವನ್ನು ಪ್ರೇಕ್ಷಕರು ಗಮನಿಸಿದಂತಿಲ್ಲ. ಅಲಮೇಲುವಿನ ಬಾಳಿನಲ್ಲಿ ನಡೆಯುವ ಪ್ರತಿಯೊಂದು ತೀರ್ಮಾನವೂ ಗಂಡಸರ ನಡುವೆ ನಡೆಯುತ್ತದೆ. ಪೀಡಕನಿಂದ ತಂಗಿಯನ್ನು ಕಾಪಾಡಲು ವರದ ರಾಮಾಚಾರಿಯ ತೋಳ್ಬಲವನ್ನು ಬಳಸಿಕೊಳ್ಳುತ್ತಾನೆ; ಅದಕ್ಕೆ ಪ್ರತಿಫಲವೆಂಬಂತೆ ತಂಗಿಯನ್ನೇ ಮಾತಿನಲ್ಲಿ ಒಪ್ಪಿಸಿ, ಕೆಲಸವಾದ ಮೇಲೆ ಮಾತು ತಪ್ಪುತ್ತಾನೆ. ಮೇಷ್ಟ್ರು ಶಿಷ್ಯನನ್ನು ಒಪ್ಪಿಸುತ್ತಾರೆ. ಮನೆಯವರು ವರನನ್ನು ಒಪ್ಪುತ್ತಾರೆ. ಇಷ್ಟೆಲ್ಲ ಒಪ್ಪಿಗೆಗಳ ನಡುವೆ ಅವಳ ಒಪ್ಪಿಗೆಗೆ ಮೂರು ಕಾಸಿನ ಬೆಲೆಯಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ಚಿತ್ರ ಎಲ್ಲಿಯೂ ಉಚ್ಚರಿಸದೆಯೇ ಅಕ್ಷರಶಃ ನಡೆಸಿದೆ. ಕೊಟ್ಟ ಮೇಲೆ ಅವಳು ಏನಾದಳೆಂದು ವಿಚಾರಿಸಿದವರು ಒಬ್ಬರೂ ಇಲ್ಲ, ಮೇಷ್ಟ್ರೂ ಇಲ್ಲ. ವೇಶ್ಯೆಯಾಗಿ ಅವಳು ಮತ್ತೆ ಎದುರಾದಾಗ ಕಥೆ ಅವಳ ದುಃಖವನ್ನು ಮುಖ್ಯವಾಗಿ ರಾಮಾಚಾರಿಯ ಕಣ್ಣೀರಿಗೆ ಕಾರಣವನ್ನಾಗಿ ಬಳಸಿಕೊಳ್ಳುತ್ತದೆ. ಆರತಿಯವರ ಮುಖ ಮಾತ್ರ ಆ ದೃಶ್ಯದಲ್ಲಿ ಬೇರೆಯದನ್ನೇ ಹೇಳುತ್ತದೆ. ನಿರ್ದೇಶಕನಿಗೆ ತೋಚದ್ದು ನಟಿಗೆ ತೋಚಿದಂತಿದೆ.

ಚಿತ್ರದ ನಡುವೆ ಬರುವ ಒನಕೆ ಓಬವ್ವನ ಪ್ರಸಂಗವನ್ನು ಇಲ್ಲಿಯೇ ನೆನೆಯಬೇಕು. ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡ ಆ ಗೀತಭಾಗ ಕನ್ನಡಿಗರ ಹೆಮ್ಮೆಯ ಸ್ವತ್ತಾಗಿದೆ; ದುರ್ಗದ ಆ ಕಾವಲುಗಾರನ ಹೆಂಡತಿಯ ಹೆಸರನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದ ಪುಣ್ಯವೂ ಅದಕ್ಕೆ ಸೇರಿದ್ದು. ವಸ್ತುವಿನ ಐಕ್ಯವನ್ನು ನೋಡುವ ವಿಮರ್ಶಕ ಅದನ್ನು ಅಂಗಾಂಗಿಭಾವವಿಲ್ಲದ ಸೇರ್ಪಡೆ ಎಂದಾನು. ಆ ಆಕ್ಷೇಪ ಅಷ್ಟು ಮುಖ್ಯವಲ್ಲ. ಗಂಡನ ಊಟಕ್ಕೆ ಅಡ್ಡಿ ಬಾರದಿರಲೆಂದು ತಾನೇ ಕಿಂಡಿಯ ಬಳಿ ನಿಂತು, ಯಾರ ಅಪ್ಪಣೆಗೂ ಕಾಯದೆ ಒನಕೆ ಎತ್ತಿದ ಹೆಣ್ಣನ್ನು ಅಷ್ಟು ಆವೇಶದಿಂದ ಕೊಂಡಾಡುವ ಚಿತ್ರ, ತನ್ನ ಸ್ವಂತ ಕಥೆಯ ಇಬ್ಬರು ಹೆಣ್ಣುಗಳ ಕೈಗೆ ಒಂದು ಕಡ್ಡಿಯನ್ನೂ ಕೊಡಲಿಲ್ಲ. ಒಬ್ಬಳು ಮದುವೆಯಲ್ಲಿ ಮುಳುಗಿದಳು, ಇನ್ನೊಬ್ಬಳು ಕಣಿವೆಯಲ್ಲಿ. ಇನ್ನೂರು ವರ್ಷ ಹಿಂದಿನ ಹೆಣ್ಣಿನ ಧೈರ್ಯವನ್ನು ಹಾಡಿ ಹೊಗಳುವುದು ಸುಲಭ. ಪಕ್ಕದ ಬೀದಿಯ ಹೆಣ್ಣು ಅದೇ ಧೈರ್ಯ ತೋರಿದರೆ ಊರು ಹಾಡು ಕಟ್ಟುವುದಿಲ್ಲ.

ಮುಕ್ತಾಯದ ಬಗೆಗೂ ಕಟುವಾಗಿಯೇ ಹೇಳಬೇಕಾಗಿದೆ. ಭಿನ್ನಮತೀಯರಿಬ್ಬರು ತಂತಮ್ಮ ಮತದಲ್ಲಿದ್ದುಕೊಂಡೇ ವಿವಾಹವಾಗಲು ಅವಕಾಶವಿತ್ತ ವಿಶೇಷ ವಿವಾಹ ಕಾಯಿದೆ ೧೯೫೪ರಲ್ಲಿಯೇ ಬಂದಿತ್ತು. ಚಿತ್ರ ತೆರೆಕಂಡಾಗ ಆ ಕಾನೂನಿಗೆ ಹದಿನೆಂಟು ವರ್ಷ ತುಂಬಿತ್ತು. ರಾಮಾಚಾರಿ, ಮಾರ್ಗರೆಟರ ಮುಂದೆ ಬೆಟ್ಟವೊಂದೇ ದಾರಿಯಾಗಿರಲಿಲ್ಲ. ವಿವಾಹ ನೋಂದಣಿಯ ಕಚೇರಿಯ ಮೆಟ್ಟಿಲೂ ಇತ್ತು. ಕಲೆ ಕಾಯಿದೆಯ ಪುಸ್ತಕವಾಗಬೇಕಿಲ್ಲವೆಂಬುದು ಸರಿ. ಹಾಗಿದ್ದರೂ ಮೂರು ತಾಸಿನ ಕಥೆಯಲ್ಲಿ ಅಂಥದೊಂದು ದಾರಿಯಿದೆಯೆಂಬ ಮಾತನ್ನು ಒಬ್ಬ ಗೆಳೆಯನಾಗಲಿ, ವಿದ್ಯಾವಂತನಾಗಲಿ ಆಡಿ, ಅದು ಏಕೆ ಸಾಧ್ಯವಾಗದೆಂದು ಕಥೆಯೇ ತೋರಿಸಿದ್ದರೆ ದುರಂತಕ್ಕೆ ತೂಕ ಬರುತ್ತಿತ್ತು. ಹಾಗಾಗದೆ ಸಾವು ಕವಿಸಮಯದಂತೆ ಸುಲಭವಾಗಿ ಬಂದಿದೆ. ಬಂಡೆಯ ಮೇಲಣ ಸಂಜೆ, ಉಕ್ಕಿಬರುವ ವಾದ್ಯ, ಕೈ ಹಿಡಿದ ಜೋಡಿ, ಇಷ್ಟನ್ನು ಕಂಡ ಹದಿಹರೆಯದ ಮನಸ್ಸಿಗೆ ಅದು ಪ್ರೇಮದ ಪರಾಕಾಷ್ಠೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಬಾವಿ, ಕೆರೆ, ಬೆಟ್ಟಗಳು ಹೇರಳವಾಗಿರುವ ಸೀಮೆಯ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಕೇಳಿದ ಅಭಿಮಾನಿಗಳು, ಚಿತ್ರವೇ ಮೇಷ್ಟ್ರನ್ನು ಖಂಡಿಸಿದೆಯಲ್ಲವೆ, ಅಲಮೇಲುವಿನ ದುರ್ಗತಿಯನ್ನು ಕಂಡ ರಾಮಾಚಾರಿ ಗುರುವಿನ ಮಾತಿಗೆ ಎದುರು ನಿಲ್ಲುವುದಿಲ್ಲವೆ, ಕಡೆಗೆ ಮೇಷ್ಟ್ರ ಸಾವೇ ಅವರ ಹಟಕ್ಕೆ ಫಲವಾಗಿ ಬರುವುದಿಲ್ಲವೆ ಎಂದು ಕೇಳಬಹುದು. ಈ ವಾದದಲ್ಲಿ ಸತ್ಯಾಂಶವಿದೆ. ಪುಟ್ಟಣ್ಣನವರು ಮೇಷ್ಟ್ರ ತಪ್ಪನ್ನು ಕಾಣದಷ್ಟು ಮಂದದೃಷ್ಟಿಯವರಲ್ಲ. ‘ಗೆಜ್ಜೆಪೂಜೆ’, ‘ಶರಪಂಜರ’ಗಳಲ್ಲಿ ಸಮಾಜದ ಒಳ್ಳೆಯವರೇ ಹೆಣ್ಣಿಗೆ ಎಸಗುವ ಅನ್ಯಾಯವನ್ನು ಬಗೆದು ತೋರಿದವರು ಅವರು. ‘ನಾಗರಹಾವಿ’ನಲ್ಲಿ ಆಪಾದನೆ ಮಾತಿನಲ್ಲಿದೆ, ರಸದಲ್ಲಿಲ್ಲ. ಮಾತು ಮೇಷ್ಟ್ರನ್ನು ಪ್ರಶ್ನಿಸುತ್ತಿರುವಾಗ ಸಂಗೀತ, ಮುಖ, ಕಣ್ಣೀರುಗಳೆಲ್ಲ ಅವರ ಪಕ್ಷದಲ್ಲಿವೆ. ಅಂಗಿರಸವು ಅತ್ತ ವಾಲಿದ ಮೇಲೆ ಒಂದೆರಡು ಸಂಭಾಷಣೆಗಳು ಎಷ್ಟು ಎಳೆದರೂ ಇತ್ತ ಬಾರವು. ಐವತ್ತು ವರ್ಷಗಳ ವೇದಿಕೆಯ ಭಾಷಣಗಳೇ ಇದಕ್ಕೆ ಸಾಕ್ಷಿ. ಅಲ್ಲಿ ಚಾಮಯ್ಯ ಮೇಷ್ಟ್ರನ್ನು ಆದರ್ಶ ಗುರುವೆಂದು ಹೊಗಳುವವರು ಅಲಮೇಲುವಿನ ಹೆಸರೆತ್ತುವುದು ತೀರ ಅಪರೂಪ.

ಶರಣ ಪರಂಪರೆಯ ನೆರಳಿನಲ್ಲಿ ನಡೆಯುವ ಶಾಲೆಗಳಿಗೆ ಇಲ್ಲಿ ಇನ್ನೂ ಒಂದು ಒರೆಗಲ್ಲಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಪರಂಪರೆ ಮರೆತಿಲ್ಲ. ಆ ಸಂಬಂಧವನ್ನು ಅರಸೊತ್ತಿಗೆ ಅಪರಾಧವೆಂದು ಎಣಿಸಿತು; ಹರಳಯ್ಯ, ಮಧುವರಸರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿತು; ಕಲ್ಯಾಣವೇ ಹೊತ್ತಿ ಉರಿಯಿತು. ಬಸವಣ್ಣನವರಾದಿಯಾಗಿ ಶರಣಸಮೂಹ ಆ ಮದುವೆಯ ಬೆನ್ನಿಗೆ ನಿಂತಿತೆಂಬುದು ಆ ಕಥನದ ಹೃದಯ. ಅಲ್ಲಿಯೂ ಹಿರಿಯರಿದ್ದರು, ಕಿರಿಯರಿದ್ದರು, ಜಾತಿಯ ಗೋಡೆಯಿತ್ತು. ಹಿರಿಯರು ಕಿರಿಯರನ್ನು ತ್ಯಾಗಕ್ಕೆ ಒಪ್ಪಿಸಲಿಲ್ಲ. ತ್ಯಾಗವನ್ನು ತಾವೇ ಹೊತ್ತರು. ಚಾಮಯ್ಯನವರ ಗುರುತ್ವಕ್ಕೂ ಕಲ್ಯಾ‌ಣದ ಗುರುತ್ವಕ್ಕೂ ಇರುವ ಅಂತರ ಇಷ್ಟೇ, ಆದರೆ ಇದು ಅಳೆಯಲಾಗದ ಅಂತರ. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದನ್ನು ಕಂಡು ಕೈಮುಗಿಯದವರಿಲ್ಲ. ಪಂಕ್ತಿಯಲ್ಲಿ ಹಾಗೆ ಕರಗಿದ ಗೋಡೆ ಲಗ್ನಪತ್ರಿಕೆಯ ಹೊತ್ತಿಗೆ ಮತ್ತೆ ಎದ್ದು ನಿಲ್ಲುವುದು ಹೇಗೆಂಬುದನ್ನು ಮಠಗಳ ಭಕ್ತರೂ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ತಮ್ಮ ತಮ್ಮ ಮನೆಗಳಲ್ಲಿಯೇ ನೋಡಿಕೊಳ್ಳಬಹುದು.

ಶಿಲೆಯ ಹಾವಿಗೆ ನೈವೇದ್ಯ ಮಾಡುವ ಕೈಯೇ ಹರಿದಾಡುವ ಹಾವಿಗೆ ದೊಣ್ಣೆಯೆತ್ತುವ ವಿಪರ್ಯಾಸವನ್ನು ಬಸವಣ್ಣನವರು ಒಂದು ವಚನದಲ್ಲಿ ಎತ್ತಿ ತೋರಿದ್ದಾರೆ. ತೆರೆಯ ಮೇಲಣ ರಾಮಾಚಾರಿಗೆ ಆಗಿರುವುದೂ ಅದೇ. ಅವನ ಪ್ರತಿಮೆಗೆ ಹಾಲೆರೆಯುವವರು ಬೇಕಾದಷ್ಟಿದ್ದಾರೆ. ೨೦೧೪ರಲ್ಲಿ ಬಂದ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಚಿತ್ರದ ನಾಯಕನು ಆ ಹಳೆಯ ರಾಮಾಚಾರಿಯ ಆರಾಧಕನಾಗಿಯೇ ಬರುತ್ತಾನೆ. ಕೋಪವೆಂಬುದು ತೊಟ್ಟು ಮೆರೆಯುವ ಆಭರಣವಾಗಿದೆ. ಜೀವಂತ ರಾಮಾಚಾರಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾನೆ. ನಕಲು ಮಾಡಿ ಸಿಕ್ಕಿಬೀಳುತ್ತಾನೆ, ಎದುರುತ್ತರ ಕೊಡುತ್ತಾನೆ, ಕಿಟಕಿಯ ಗಾಜು ಒಡೆಯುತ್ತಾನೆ. ಅವನ ಕೈಗೆ ವರ್ಗಾವಣೆ ಪತ್ರವನ್ನು ಕೊಟ್ಟು ಕಳುಹಿಸಿಬಿಡುವುದು ಶಾಲೆಗಳಿಗೆ ಸುಲಭದ ದಾರಿ. ಹತ್ತನೆಯ ತರಗತಿಯ ಫಲಿತಾಂಶದ ಶೇಕಡಾವಾರು ಲೆಕ್ಕ ಕೇಳುವ ದಿನಗಳಲ್ಲಂತೂ ಅಂಥ ಹುಡುಗನಿಗಾಗಿ ಹಟ ಹಿಡಿದು ನಿಲ್ಲುವ ಚಾಮಯ್ಯ ಸಿಗುವುದು ಕಷ್ಟ. ಚಿತ್ರದ ಗುಣ ಇಲ್ಲಿ ಇಂದಿಗೂ ಜೀವಂತವಾಗಿದೆ. ಪೂರ್ವಾರ್ಧದ ಮೇಷ್ಟ್ರನ್ನು, ಅಂದರೆ ಹಾವನ್ನು ಮುಟ್ಟಬಲ್ಲ ಮೇಷ್ಟ್ರನ್ನು, ಅಧ್ಯಾಪಕ ವರ್ಗ ಎಷ್ಟು ಅನುಸರಿಸಿದರೂ ಸಾಲದು.

ಜೀವಂತ ಅಲಮೇಲುವೂ ಅದೇ ತರಗತಿಯಲ್ಲಿರುತ್ತಾಳೆ. ಅವಳು ಗಾಜು ಒಡೆಯುವುದಿಲ್ಲವಾದುದರಿಂದ ಶಾಲೆಯ ಕಣ್ಣಿಗೆ ಬೀಳುವುದಿಲ್ಲ. ಹೆಣ್ಣಿಗೆ ಹದಿನೆಂಟು ತುಂಬುವ ಮುನ್ನ ಮದುವೆ ಮಾಡುವುದನ್ನು ೨೦೦೬ರ ಕಾಯಿದೆ ನಿಷೇಧಿಸಿದ್ದರೂ, ಬೇಸಿಗೆಯ ರಜೆ ಮುಗಿದು ಜೂನಿನಲ್ಲಿ ಹಾಜರಿ ಕರೆಯುವಾಗ ಹುಡುಗಿಯೊಬ್ಬಳ ಹೆಸರಿಗೆ ಉತ್ತರ ಬಾರದಿದ್ದರೆ ಅದರ ಹಿಂದೆ ಏನಿರಬಹುದೆಂದು ಹಳ್ಳಿಯ ಅಧ್ಯಾಪಕನಿಗೆ ಹೊಳೆಯದೆ ಇರದು. ಮಗಳ ಮನಸ್ಸು ಎಲ್ಲಿಯೋ ಇದೆಯೆಂಬ ಸುಳಿವು ಸಿಕ್ಕಿದೊಡನೆ ಅವಸರದಿಂದ ಲಗ್ನ ಗೊತ್ತುಮಾಡುವ ತಂದೆ, ಬುದ್ಧಿ ಹೇಳಿಸಲು ಮೊದಲು ಬರುವುದು ಮೇಷ್ಟ್ರ ಮನೆಗೆ. ಹಳ್ಳಿಗಳಲ್ಲಿ ಅಧ್ಯಾಪಕನ ಮಾತಿಗೆ ಇನ್ನೂ ತೂಕವಿದೆ. ಆ ತೂಕವನ್ನು ತಕ್ಕಡಿಯ ಯಾವ ತಟ್ಟೆಗೆ ಹಾಕಬೇಕೆಂಬ ಪ್ರಶ್ನೆ ಚಾಮಯ್ಯನವರ ಮುಂದೆ ಬಂದಂತೆ ಮಧುಗಿರಿಯ, ಕೊರಟಗೆರೆಯ, ಯಾವುದೇ ಊರಿನ ಅಧ್ಯಾಪಕನ ಮುಂದೆಯೂ ಒಂದಲ್ಲ ಒಂದು ಸಂಜೆ ಬಂದೇ ಬರುತ್ತದೆ. ಹೇಳಬೇಕಾದುದು ಹುಡುಗನಿಗಷ್ಟೇ ಅಲ್ಲ, ತಂದೆಗೂ ಉಂಟು, ಕೇಳಬೇಕಾದುದು ಹುಡುಗಿಯಿಂದ.

ಆದುದರಿಂದ ‘ನಾಗರಹಾವ’ನ್ನು ಶಾಲೆಯ ಆವರಣದಿಂದ ದೂರವಿಡಬೇಕೆಂಬ ವಾದವೂ ಸಲ್ಲದು, ಶಿಕ್ಷಕರ ದಿನದಂದು ಒಂದೆರಡು ದೃಶ್ಯಗಳನ್ನು ಆಯ್ದು ತೋರಿಸಿ ಚಪ್ಪಾಳೆ ಗಿಟ್ಟಿಸುವ ರೂಢಿಯೂ ಸಲ್ಲದು. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳಿಗೆ ಇಡೀ ಚಿತ್ರವನ್ನು, ಅಧ್ಯಾಪಕರು ಜೊತೆಗೆ ಕುಳಿತು ತೋರಿಸಬೇಕು. ಕಡೆಯ ದೃಶ್ಯ ಮುಗಿದೊಡನೆ ಎದ್ದು ಹೋಗದೆ ಅರ್ಧ ತಾಸು ಮಾತನಾಡಬೇಕು. ಆ ಸಾವು ಸುಂದರವಲ್ಲವೆಂಬುದನ್ನು, ಬೇರೆ ಬಾಗಿಲುಗಳು ತೆರೆದಿದ್ದವೆಂಬುದನ್ನು ಹೆಸರು ಹಿಡಿದು ಹೇಳಬೇಕು. ಮರುದಿನ ಕನ್ನಡದ ಅವಧಿಯಲ್ಲಿ ಒಂದು ಬರವಣಿಗೆಯ ಕೆಲಸ ಕೊಡಬಹುದು. ಪತ್ರಲೇಖನವನ್ನು ಹೇಗೂ ಅಭ್ಯಾಸ ಮಾಡಿಸಲೇಬೇಕು. ರಜೆಯ ಅರ್ಜಿ, ಪುಸ್ತಕ ತರಿಸಿಕೊಳ್ಳುವ ಕೋರಿಕೆ, ಪ್ರವಾಸಕ್ಕೆ ಹಣ ಬೇಡುವ ಓಲೆ, ಇವುಗಳ ನಡುವೆ ಒಮ್ಮೆ ಬೇರೊಂದು ವಿಷಯ: ಮದುವೆ ಗೊತ್ತಾದ ಮಾರನೆಯ ದಿನ ಅಲಮೇಲು ಚಾಮಯ್ಯ ಮೇಷ್ಟ್ರಿಗೆ ಬರೆದ ಪತ್ರ. ಹುಡುಗರೂ ಬರೆಯಲಿ, ಹುಡುಗಿಯರೂ ಬರೆಯಲಿ. ಅವುಗಳನ್ನು ತಿದ್ದುವಾಗ ಕಾಗುಣಿತದ ತಪ್ಪುಗಳಿಗೆ ಅಂಕ ಕಳೆಯದಿದ್ದರೆ ನಷ್ಟವೇನೂ ಇಲ್ಲ.